ಅವ್ವನ ಊರಿನ ಹೆಸರಿನ ಮರಳುಗಲ್ಲು

ನಾನು ಕಲ್ಲು ನೋಡುವವಳು. ಹೀಗೆಂದರೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಜೊತೆಗೆ ಬರುವ ಹೆಂಗಸರು ಉಂಗುರ ಕಳಚಿ ಕೈಗೆ ಕೊಡುತ್ತಾರೆ, ಹರಳು ಅಸಲಿಯೋ ನಕಲಿಯೋ ನೋಡು ಎಂದು. ಆ ಕಲ್ಲಲ್ಲ ತಾಯೀ, ನೆಲದ ಕೆಳಗಿನ ಕಲ್ಲು ಎಂದರೆ ಅವರ ಮುಖ ಬಾಡುತ್ತದೆ. ನೆಲದ ಕೆಳಗೆ ಕಲ್ಲಲ್ಲದೆ ಇನ್ನೇನಿರುತ್ತದೆ, ಅದನ್ನು ನೋಡುವುದಕ್ಕೂ ಸಂಬಳವೇ ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಕೊಡುತ್ತಾರೆ, ತಡವಾಗಿ ಕೊಡುತ್ತಾರೆ ಎಂದೆ.

ಎಲ್ಲೆಲ್ಲೋ ನೆಲ ಕೊರೆದು ತೆಗೆದ ಕಲ್ಲಿನ ದಿಂಡುಗಳು ಲಾರಿಯಲ್ಲಿ ಮುಂಬಯಿಗೆ ಬರುತ್ತವೆ. ದಿಂಡೆಂದರೆ ತೋಳಿನಷ್ಟು ದಪ್ಪದ, ಉದ್ದುದ್ದ ಕಲ್ಲಿನ ತುಂಡುಗಳು. ಅವನ್ನೆಲ್ಲ ಧಾರಾವಿಯ ಅಂಚಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಾರೆ. ನಾನು ಅವುಗಳ ಚೂರು ತಂದು ಪರೇಲ್‌ನ ಆಫೀಸಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಮರಳಿನ ಕಾಳು ದಪ್ಪವೋ ಸಣ್ಣವೋ, ಅಂಚು ಸವೆದಿದೆಯೋ ಚೂಪಾಗಿದೆಯೋ, ಬಣ್ಣ ಯಾವುದು, ಕಾಳನ್ನು ಕಾಳಿಗೆ ಅಂಟಿಸಿದ್ದು ಯಾವುದು ಎಂದು ಬರೆಯುತ್ತೇನೆ. ಇದನ್ನು ವರ್ಣನೆ ಎನ್ನುತ್ತೇವೆ. ಕವಿಗಳು ಮಾಡುವಂಥದ್ದಲ್ಲ. ಇಲ್ಲಿ ಸುಂದರ ಎಂಬ ಮಾತು ಬಂದರೆ ನಮ್ಮ ಆಫೀಸಿನ ಸಾಹೇಬರು ಕೆಂಪು ಗೆರೆ ಎಳೆಯುತ್ತಾರೆ.

ವರ್ಣನೆಯ ಜೊತೆಗೆ ಹೆಸರು ಬೇಕು. ಹೆಸರಿಲ್ಲದ ಕಲ್ಲಿನ ಪದರ ನಮ್ಮವರ ಪಾಲಿಗೆ ಇದ್ದೂ ಇಲ್ಲ. ಆದರೆ ಮನಸ್ಸಿಗೆ ಬಂದ ಹೆಸರು ಇಡುವಂತಿಲ್ಲ. ಮಂತ್ರಿಯದ್ದು ಬೇಡ, ದೇವರದ್ದು ಬೇಡ, ಹೆಂಡತಿಯದ್ದಂತೂ ಬೇಡವೇ ಬೇಡ. ಪದರ ಎಲ್ಲಿ ಚೆನ್ನಾಗಿ ಕಾಣುತ್ತದೋ, ಅಥವಾ ಎಲ್ಲಿ ಕೊರೆದಾಗ ಪೂರ್ತಿ ಸಿಕ್ಕಿತೋ, ಅದಕ್ಕೆ ತೀರ ಹತ್ತಿರದ ಊರಿನ ಹೆಸರು ಇಡಬೇಕು. ಅಷ್ಟೇ. ಈ ಮುಂಬಯಿಯಲ್ಲಿ ಚೌಕಕ್ಕೆ, ರಸ್ತೆಗೆ, ಸ್ಟೇಷನ್ನಿಗೆ ಯಾರ್‍ಯಾರದೋ ಹೆಸರು ಹಚ್ಚಿ ಕೀಳುತ್ತಾರೆ. ಕಲ್ಲಿನ ವಿಷಯದಲ್ಲಾದರೂ ಆ ಹೊಲಸು ಇಲ್ಲವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು. ಎಂಥ ಪೆದ್ದಿ ನಾನು!

ಕೆಲವು ವರ್ಷಗಳ ಹಿಂದೆ ನಮಗೆ ಕಲಾದಗಿ ಕಡೆಯ ಕೆಲಸ ಬಂತು. ಬಾಗಲಕೋಟೆ, ಬಾದಾಮಿಯ ಸುತ್ತಲ ನೆಲದಡಿ ಒಂದು ಭಾರಿ ತಗ್ಗು ಇದೆ. ಯಾವುದೋ ಕಾಲದ ಹೊಳೆಗಳು, ಕಡಲು ತಂದು ಸುರಿದ ಮರಳು ಮತ್ತು ಕೆಸರು ಅದರಲ್ಲಿ ಪದರಪದರವಾಗಿ ಕೂತು ಕಲ್ಲಾಗಿವೆ. ಅಂಥ ತಗ್ಗನ್ನು ನಾವು ಬೋಗುಣಿ ಎನ್ನುತ್ತೇವೆ. ಅಲ್ಲಿ ಕೊರೆದ ಒಂದು ಬಾವಿಯಲ್ಲಿ ಈ ತನಕ ಹೆಸರಿಟ್ಟಿರುವ ಯಾವ ಪದರಕ್ಕೂ ಹೊಂದದ ಮರಳುಗಲ್ಲು ಸಿಕ್ಕಿತು. ನೇರಳೆ ಮಿಶ್ರಿತ ಕೆಂಪು, ನಡುನಡುವೆ ಬಿಳಿ ಗೆರೆ. ಸಾಹೇಬರು ನಕ್ಷೆ ಹಾಸಿ, ಬಾವಿಗೆ ಹತ್ತಿರದ ಊರು ಯಾವುದೆಂದು ಬೆರಳಿಟ್ಟು ನೋಡಿ, ಆ ಹೆಸರನ್ನು ತಪ್ಪುತಪ್ಪಾಗಿ ಓದಿದರು. ನಾನು ನಕ್ಷೆಯ ಮೇಲೆ ಬಗ್ಗಿ ನೋಡಿದೆ. ಅದು ನನ್ನ ಅವ್ವನ ತವರೂರು.

ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.

ಅವ್ವ ಮದುವೆಯಾಗಿ ಪರೇಲ್‌ನ ಸಾಲುಖೋಲಿಗಳ ಚಾಳಿಗೆ ಬಂದವಳು. ಅಪ್ಪ ಮಿಲ್ಲಿನಲ್ಲಿದ್ದ. ಮಿಲ್ಲು ಮುಚ್ಚಿದ ಮೇಲೆ ಅವ್ವ ಚಾಳಿನ ಒಂದೇ ಖೋಲಿಯಲ್ಲಿ ಖಾನಾವಳಿ ಇಟ್ಟು, ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗಂಡಸರಿಗೆ ರೊಟ್ಟಿ ಬಡಿದು ಹಾಕಿ ನನ್ನನ್ನು ಓದಿಸಿದಳು. ಉಣ್ಣಲು ಬಂದವರು ಮೊದಲು ಕೇಳುತ್ತಿದ್ದುದು ಒಂದೇ ಮಾತು, ಯಾವೂರವಾ ನಿಂದು? ಅವ್ವ ಊರಿನ ಹೆಸರು ಹೇಳುವಳು. ಅವರು ಅದೆಲ್ಲಿ ಬರುತ್ತದೆ ಎನ್ನುವರು. ಬಾದಾಮಿ ಹತ್ತಿರ ಎನ್ನುವಳು. ಹಾಂ, ಬಾದಾಮಿಯವರೋ ಎನ್ನುವರು. ಅವ್ವನ ಕೈಯಲ್ಲಿನ ರೊಟ್ಟಿ ಆಗ ಜೋರಾಗಿ ಏಟು ತಿನ್ನುತ್ತಿತ್ತು.

ಈಗ ನಾವಿರುವುದು ಮುಲುಂಡ್‌ನ ಒಂದು ಬಿಲ್ಡಿಂಗಿನಲ್ಲಿ. ಮೇಲಿನ ಮಾಳಿಗೆಯಲ್ಲಿ ಬೆಳಗಾವಿಯ ಬಟ್ಟೆ ವ್ಯಾಪಾರಿಯ ಹೆಂಡತಿಯೊಬ್ಬಳಿದ್ದಾಳೆ. ಅವ್ವನಿಗಿಂತ ತುಸು ಚಿಕ್ಕವಳು. ಕಾನ್ವೆಂಟಿನಲ್ಲಿ ಓದಿದವಳೆಂದು ಅವಳೇ ಎಲ್ಲರಿಗೂ ಹೇಳಿಟ್ಟಿದ್ದಾಳೆ. ಸಂಜೆ ಕೆಳಗಿನ ಬೆಂಚಿನ ಮೇಲೆ ಅವ್ವನ ಪಕ್ಕದಲ್ಲೇ ಕೂರುತ್ತಾಳೆ. ಕೂತ ತಕ್ಷಣ ಕೆಣಕಬೇಕು ಅವಳಿಗೆ.

"ಅಲ್ರಿ ಅಕ್ಕಾ, ನಿಮ್ಮೂರು ಗೂಗಲ್ ಮ್ಯಾಪನ್ಯಾಗರ ಅದನೋ ಇಲ್ಲೋ? ನಮ್ಮ ಹುಡುಗಿ ಹುಡಿಕ್ಯಾಡಿ ಹುಡಿಕ್ಯಾಡಿ ಸಾಕಾತು ಅಂದ್ಲು."

"ನಮ್ಮೂರ ನೆಲದ ಮ್ಯಾಲ ಐತೆವಾ, ಫೋನಿನ್ಯಾಗ ಇಲ್ಲ" ಎನ್ನುತ್ತಿದ್ದಳು ಅವ್ವ. ಮಾತಿಗೆ ಮಾತು ಕೊಟ್ಟು ಬಂದರೂ ಮನೆಗೆ ಬಂದ ಮೇಲೆ ಅವಳ ಮುಖ ಗಂಟಿಕ್ಕಿಯೇ ಇರುತ್ತಿತ್ತು. ಅವಳಿಗೆ ಬಂಗಾರ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಆ ಊರು ಇದೆ ಎಂದು ಯಾರಾದರೂ ಒಮ್ಮೆ ಒಪ್ಪಬೇಕಿತ್ತು.

ಅಂಥವಳಿಗೆ ನಾನು ಹೋಗಿ, "ಅವ್ವಾ, ನಿಮ್ಮೂರ ಹೆಸರ ಒಂದು ಕಲ್ಲಿಗೆ ಇಡತಾರ" ಎಂದೆ.

"ಕಲ್ಲಿಗೆ? ಯಾ ಕಲ್ಲಿಗೆ? ರಸ್ತಾದ ಕಲ್ಲಿಗೇನ?"

"ಅಲ್ಲಬೇ. ನಿಮ್ಮ ಹೊಲದ ಕೆಳಗಿನ ಮರಳುಗಲ್ಲಿಗೆ. ಇನ್ನ ಜಗತ್ತಿನ್ಯಾಗ ಯಾರ ಆ ಕಲ್ಲಿನ ಬಗ್ಗೆ ಬರದ್ರೂ ನಿಮ್ಮೂರ ಹೆಸರ ಹೇಳಾಕಽ ಬೇಕು."

ಅವ್ವ ನನ್ನ ಹತ್ತಿರ ಸರಿದು, "ಬದಾಮಿ ಹೆಸರ ಹಚ್ಚೂದಿಲ್ಲ ಹೌದಲ್ಲೋ?" ಎಂದು ಕೇಳಿದಳು. ಇಲ್ಲ, ಬಾದಾಮಿಯ ಹೆಸರು ಬೇರೊಂದು ಕಲ್ಲಿಗೆ ಆಗಲೇ ಹೋಗಿದೆ ಎಂದೆ. ಅವ್ವ ನಕ್ಕ ನಗೆ ನೋಡಬೇಕಿತ್ತು. ಮೇಲಿನ ಮಾಳಿಗೆಯವರೆಗೆ ಕೇಳಿಸಿರಬೇಕು.

ಅಷ್ಟರಲ್ಲಿ ಅವ್ವನ ಕಣ್ಣಿಗೆ ಪೊರೆ ಬಂದು ಪರೇಲ್‌ನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಾನು ರಜೆ ಹಾಕಿದೆ. ದಿಂಡುಗಳನ್ನು ಜೋಡಿಸಿ, ಪದರವನ್ನು ಬುಡದಿಂದ ತುದಿಯವರೆಗೆ ವರ್ಣಿಸುವ ಕೆಲಸವನ್ನು ಸಾಹೇಬರು ತಾವೇ ಮಾಡಿ ಮುಗಿಸಿದರು. ಬಾಂದ್ರಾದ ಹೋಟೆಲಿನಲ್ಲೊಂದು ಸಮ್ಮೇಳನವಿತ್ತು, ಅಲ್ಲಿ ಓದಲು ಅವರಿಗೆ ಆತುರ. ಓದಿದರು. ಪುಟ್ಟ ಲೇಖನ ಅಚ್ಚೂ ಆಯಿತು. ಅದರ ಒಂದು ಪ್ರತಿ ತಂದು ಅವ್ವನಿಗೆ ಕೊಟ್ಟೆ. ಅವ್ವನಿಗೆ ಇಂಗ್ಲಿಷ್ ಬಾರದು. ಯಾವುದು ನಮ್ಮೂರ ಹೆಸರು, ಬೆರಳಿಟ್ಟು ತೋರಿಸು ಎಂದಳು. ತೋರಿಸಿದೆ. ಕಪ್ಪು ಕನ್ನಡಕ ತೆಗೆದು, ಹೊಸ ಕಣ್ಣಿನಿಂದ ಆ ಅಕ್ಷರಗಳನ್ನೇ ದಿಟ್ಟಿಸಿ, ಅವುಗಳ ಮೇಲೆ ಬೆರಳಾಡಿಸಿ, ಕಾಗದವನ್ನು ದೇವರ ಜಗಲಿ ಮೇಲಿನ ಯಲ್ಲಮ್ಮನ ಪಟದ ಪಕ್ಕ ಇಟ್ಟಳು. ಮರುದಿನ ಅದರ ಮೂಲೆಗೆ ಕುಂಕುಮ ಹತ್ತಿತ್ತು. ಬೆಂಚಿಗೆ ಒಯ್ದು ಮೇಲಿನವಳಿಗೆ ತೋರಿಸಿಯೂ ಬಂದಳು. ಆಕೆ ಕನ್ನಡಕ ಹಾಕಿಕೊಂಡು ಓದಿ, "ಖರೇನ ಅದರಿ ಅಕ್ಕಾ!" ಎಂದಳಂತೆ. ಅವ್ವ ಬಿಲ್ಡಿಂಗಿಗೆಲ್ಲ ಪೇಢೆ ಹಂಚಿದಳು. ವಾಚ್‌ಮನ್ನನಿಗೂ ಕೊಟ್ಟು, "ಮೇರಾ ಗಾಂವ್ ಕಾ ನಾಮ್ ಪತ್ಥರ್ ಕೋ ದಿಯಾ" ಎಂದು, ನಮ್ಮೂರ ಹೆಸರನ್ನು ಕಲ್ಲಿಗೆ ಇಟ್ಟರೆಂದು, ತನ್ನ ಹಿಂದಿಯಲ್ಲಿ ಹೇಳಿದಳು. ಅವನು ಕೈಮುಗಿದ.

ಲೇಖನದ ಬೆನ್ನಿಗೇ ದೊಡ್ಡ ವರದಿ ಸಿದ್ಧವಾಗಬೇಕಿತ್ತು. ಅದಕ್ಕೆ ಇನ್ನಷ್ಟು ಚೂರು ತರಲು ನಾನು ಧಾರಾವಿಯ ಗೋದಾಮಿಗೆ ಹೋದೆ. ಆಚೆ ಗಲ್ಲಿಯಲ್ಲಿ ಚರ್ಮದ ವಾಸನೆ, ಈಚೆ ಗಲ್ಲಿಯಲ್ಲಿ ಕರಗುವ ಪ್ಲಾಸ್ಟಿಕ್ಕಿನ ವಾಸನೆ, ನಡುವೆ ನಮ್ಮ ಕಲ್ಲುಗಳು. ಪೆಟ್ಟಿಗೆಯ ಮುಚ್ಚಳ ತೆಗೆದು, ದಿಂಡಿನ ಮೇಲೆ ನೀರು ಚಿಮುಕಿಸಿ ಒರೆಸಿದೆ. ಒದ್ದೆಯಾದರೆ ಗೆರೆಗಳು ಚೆನ್ನಾಗಿ ಕಾಣುತ್ತವೆ. ಕಂಡವು. ಉಳಿದ ಪೆಟ್ಟಿಗೆಗಳ ಮುಚ್ಚಳಗಳನ್ನೂ ಒಂದೊಂದಾಗಿ ತೆಗೆದೆ.

ಅದೇನೆಂದು ಹೇಳಿಬಿಡುತ್ತೇನೆ. ಹೊಳೆ ಮರಳನ್ನು ತಂದು ಓರೆಓರೆಯಾಗಿ ಸುರಿಯುತ್ತದೆ. ಆ ಓರೆ ಗೆರೆಗಳು ಕೆಳಗೆ ಬಾಗಿ ನೆಲಕ್ಕೆ ಮೆಲ್ಲಗೆ ಕೂಡುತ್ತವೆ. ಮೇಲೆ ಮಾತ್ರ ಕತ್ತರಿಸಿದಂತೆ ಇರುತ್ತವೆ, ಯಾಕೆಂದರೆ ಆಮೇಲೆ ಬಂದ ನೀರು ಅವುಗಳ ತಲೆಯನ್ನು ಕೊಚ್ಚಿಕೊಂಡು ಹೋಗಿರುತ್ತದೆ. ಬಾಗಿದ ಕಡೆ ಬುಡ, ಕೊಚ್ಚಿದ ಕಡೆ ತಲೆ. ಕಾಲೇಜಿನ ಎರಡನೇ ವರ್ಷದಲ್ಲಿ ಕಲಿಸುವ ಪಾಠ. ನಮ್ಮ ಪೆಟ್ಟಿಗೆಗಳಲ್ಲಿ ಕೊಚ್ಚಿದ ತಲೆ ಕೆಳಗಿತ್ತು. ಒಂದು ತುಂಡಿನಲ್ಲಲ್ಲ, ಎಲ್ಲದರಲ್ಲೂ. ನಮ್ಮ ಕಲ್ಲು ತಲೆಕೆಳಗಾಗಿ ಮಲಗಿತ್ತು.

ಹೇಗಾಯಿತೆಂದು ಹುಡುಕುವುದು ಕಷ್ಟವಾಗಲಿಲ್ಲ. ಮಳೆಗಾಲದಲ್ಲಿ ಬಂದ ಲಾರಿಯಲ್ಲಿ ಕಟ್ಟಿಗೆಯ ಪೆಟ್ಟಿಗೆಗಳು ಒಡೆದು, ಆಳ ಬರೆದ ಚೀಟಿಗಳು ನೀರು ಪಾಲಾಗಿದ್ದವು. ಪ್ರತಿ ತುಂಡಿನ ಮೇಲೂ ಬಣ್ಣದಿಂದ ಬರೆದ ಬಾಣದ ಗುರುತಿತ್ತು. ನಮ್ಮ ಆಫೀಸಿನ ಪದ್ಧತಿಯಲ್ಲಿ ಬಾಣ ಆಕಾಶದ ಕಡೆಗೆ. ಆದರೆ ಈ ಸಲ ಕೊರೆದ ಗುತ್ತಿಗೆದಾರರು ಬಾಣವನ್ನು ಪಾತಾಳದ ಕಡೆಗೆ ಬರೆಯುವವರು. ಅದೇ ಪದರಕ್ಕೆ ಅವರೇ ತುಸು ದೂರದಲ್ಲಿ ಕೊರೆದ ಎರಡನೇ ಬಾವಿಯ ಪೆಟ್ಟಿಗೆಗಳು ಒಡೆದಿರಲಿಲ್ಲ, ಚೀಟಿಗಳೂ ಉಳಿದಿದ್ದವು. ಅದರಲ್ಲಿ ನೋಡಿದರೆ ಬಾಣದ ತುದಿ ಆಳದ ಕಡೆಗೇ ಇತ್ತು. ಸಾಹೇಬರು ಯಾರನ್ನೂ ಕೇಳದೆ, ನಮ್ಮ ಪದ್ಧತಿಯಂತೆ ಬಾಣವನ್ನು ಮೇಲೆಂದು ತಿಳಿದು, ತುಂಡುಗಳ ಮುರಿದ ಅಂಚಿಗೆ ಅಂಚು ಕೂಡಿಸಿ ಇಡೀ ಪದರವನ್ನು ಜೋಡಿಸಿಟ್ಟಿದ್ದರು. ಬುಡದಲ್ಲಿದ್ದ ಉರುಟುಗಲ್ಲು ತುದಿಗೆ ಹೋಗಿತ್ತು, ತುದಿಯ ನಯವಾದ ಮರಳು ಬುಡಕ್ಕೆ ಬಂದಿತ್ತು. ಹೊಳೆ ಹರಿದ ಜಾಗವನ್ನು ಅವರು ಕಡಲ ದಂಡೆ ಎಂದು ಬರೆದಿದ್ದರು. ಬಾಂದ್ರಾದಲ್ಲಿ ಜನ ಚಪ್ಪಾಳೆಯನ್ನೂ ತಟ್ಟಿದ್ದರು.

ಮರುದಿನ ಬೆಳಿಗ್ಗೆ ಸಾಹೇಬರ ಕ್ಯಾಬಿನ್ನಿಗೆ ಹೋಗಿ ಫೋಟೋ ತೋರಿಸಿದೆ. ಅವರಿಗೆ ತಿಳಿಯದೇನಲ್ಲ, ಒಂದೇ ನೋಟಕ್ಕೆ ತಿಳಿಯಿತು. ಕಿವಿ ಕೆಂಪಾದವು.

"ಅರೇ ಮ್ಯಾಡಮ್, ಕೌನ್ ದೇಖನೇ ಜಾಯೇಗಾ?" ಎಂದರು. ಯಾರು ಹೋಗಿ ನೋಡುತ್ತಾರೆ ಎಂದು.

"ನಾನು ನೋಡಿದೆನಲ್ಲ ಸರ್" ಎಂದೆ.

ತಿದ್ದುವುದು ಸುಲಭವಿತ್ತು. ಇದನ್ನು ಎಲ್ಲರಿಗೂ ತಿಳಿಯುವಂತೆ ಹೇಳುತ್ತೇನೆ, ಯಾಕೆಂದರೆ ನನ್ನ ಸಂಕಟವೆಲ್ಲ ಇಲ್ಲೇ ಇದೆ. ಹೆಸರು ಹಾಗೇ ಇರಲಿ, ಹಿಂದಿನ ವರ್ಣನೆಯಲ್ಲಿ ಮೇಲು ಕೆಳಗು ಅದಲುಬದಲಾಗಿತ್ತು, ಈಗ ಸರಿಪಡಿಸಿದ್ದೇವೆ ಎಂದು ಎರಡು ಸಾಲು ಬರೆದರೆ ಮುಗಿಯಿತು. ನಮ್ಮ ನಿಯಮ ಅದಕ್ಕೆ ಒಪ್ಪುತ್ತದೆ. ಕಲ್ಲು ಸರಿಯಾಗುತ್ತದೆ, ಊರಿನ ಹೆಸರೂ ಉಳಿಯುತ್ತದೆ. ಕೆಡುವುದು ಒಂದೇ, ಸಾಹೇಬರು ತಪ್ಪಿದರು ಎಂಬುದು ಅಚ್ಚಾಗುತ್ತದೆ. ನಾನು ಆ ಎರಡು ಸಾಲುಗಳನ್ನು ಅವರ ಹೆಸರು ಎತ್ತದೆ, ಎಷ್ಟು ನಯವಾಗಿ ಸಾಧ್ಯವೋ ಅಷ್ಟು ನಯವಾಗಿ ಬರೆದುಕೊಟ್ಟೆ. ತಪ್ಪು ಲಾರಿಯದು, ಮಳೆಯದು ಎನ್ನುವ ಹಾಗೆ ಬರೆದಿದ್ದೆ. ನೋಡೋಣ ಎಂದರು. ನಮ್ಮ ಆಫೀಸಿನಲ್ಲಿ ನೋಡೋಣ ಎಂದರೆ ನೋಡುವುದಿಲ್ಲ ಎಂದರ್ಥ. ನಾನು ವಾರವಾರ ಹೋಗಿ ಕೇಳಿದೆ. ಕೊನೆಗೊಮ್ಮೆ, ಸರಿಯಾದ ವರ್ಣನೆ ಸಿದ್ಧ ಮಾಡಿಕೊಡಿ, ಹಾಕಿಬಿಡೋಣ ಎಂದರು. ಮಾಡಿಕೊಟ್ಟೆ. ಅವರೇ ಎರಡನೇ ಬಾವಿಯದ್ದನ್ನೂ ಸೇರಿಸಿ ಎಂದರು. ಸೇರಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಕಲ್ಲನ್ನೂ ವರ್ಣಿಸಿರಲಿಲ್ಲ. ಅವ್ವ ನಡೆದಾಡಿದ ನೆಲದಡಿಯ ಕಲ್ಲಲ್ಲವೇ! ಒಂದೊಂದು ಕಾಳನ್ನೂ ಮುದ್ದಿಸಿ ಬರೆದೆ.

ಹೊಸ ಲೇಖನ ಅಚ್ಚಾಗಿ ಬಂದ ದಿನ ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ನನಗೆ ಕೈ ಕುಲುಕಿದರು. ಸಾಹೇಬರ ಹೆಸರಿನ ಕೆಳಗೆ, ಅದೇ ಮೊದಲ ಸಲ, ನನ್ನ ಹೆಸರಿತ್ತು. ಹಾಕುತ್ತೇನೆಂದು ಅವರು ಹೇಳಿರಲಿಲ್ಲ, ಅಚ್ಚಿಗೆ ಹೋಗುವ ಮೊದಲು ತೋರಿಸಿಯೂ ಇರಲಿಲ್ಲ. ಶಿರಾ ತರಿಸಿದ್ದರು. ಪ್ಲೇಟು ಕೈಯಲ್ಲಿ ಹಿಡಿದುಕೊಂಡೇ ಓದತೊಡಗಿದೆ. ಕಲ್ಲು ಸರಿಯಾಗಿ ನಿಂತಿತ್ತು, ಬುಡ ಕೆಳಗೆ, ತಲೆ ಮೇಲೆ. ಆದರೆ ಕಲ್ಲಿನ ಹೆಸರು ಬೇರೆ! ಎರಡನೇ ಬಾವಿಯ ಪಕ್ಕದ ಊರಿನ ಹೆಸರು. ಹೊಸ ಬಾವಿ, ಹೊಸ ವರ್ಣನೆ, ಹೊಸ ಹೆಸರು, ಅಂದರೆ ಸಾಹೇಬರು ಎಂದೂ ತಪ್ಪೇ ಮಾಡಿಲ್ಲ ಎಂದಾಯಿತು. ಹಳೆಯದರ ಬಗ್ಗೆ ಒಂದೇ ವಾಕ್ಯ ಇತ್ತು. ಈ ಹಿಂದೆ ಸೂಚಿಸಿದ್ದ ಇಂಥ ಊರಿನ ಹೆಸರಿಗೆ ಸಾಕಷ್ಟು ಆಧಾರವಿಲ್ಲದ್ದರಿಂದ ಅದನ್ನು ಕೈಬಿಡಲಾಗಿದೆ, ಇನ್ನು ಮುಂದೆ ಯಾರೂ ಬಳಸಬಾರದು.

ಯಾರೂ ಬಳಸಬಾರದು ಎಂದರೆ ಏನೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಹೀಗೆ ಕೈಬಿಟ್ಟ ಹೆಸರನ್ನು ನಮ್ಮವರು ಇನ್ನೊಂದು ಪದರಕ್ಕೂ ಇಡುವುದಿಲ್ಲ, ಗೊಂದಲವಾಗುತ್ತದೆ ಎಂದು. ನಾಳೆ ಆ ಊರಿನ ಹೊಲದಲ್ಲಿ ಬೇರೆ ಎಂಥ ಕಲ್ಲು ಸಿಕ್ಕರೂ ಅದಕ್ಕೆ ಆ ಊರಿನ ಹೆಸರಿಲ್ಲ. ಸಾಹೇಬರು ಸುಮ್ಮನಿದ್ದಿದ್ದರೆ ಊರು ಮೊದಲಿನ ಹಾಗೆ ಯಾರಿಗೂ ಗೊತ್ತಿಲ್ಲದೆ ಇರುತ್ತಿತ್ತು. ಈಗ ಗೊತ್ತಾಗಿ ಬೇಡವಾಗಿದೆ. ನಾನು ಪ್ಲೇಟು ಅಲ್ಲೇ ಇಟ್ಟು ಕ್ಯಾಬಿನ್ನಿಗೆ ನುಗ್ಗಿದೆ.

"ನೀವೇ ತಾನೇ ಸರಿ ಮಾಡಿ ಅಂದಿದ್ದು? ಸರಿ ಮಾಡಿದೆ. ಮೇಲಿಂದ ನಿಮ್ಮ ಹೆಸರನ್ನೂ ಹಾಕಿದೆ" ಎಂದರು ಸಾಹೇಬರು, ಹಿಂದಿಯಲ್ಲಿ, ನಗುನಗುತ್ತ. "ಏಕ್ ಗಾಂವ್ ಕೇ ಬದಲೇ ದೂಸರಾ ಗಾಂವ್. ಕ್ಯಾ ಫರಕ್ ಪಡತಾ ಹೈ?" ಒಂದು ಊರಿನ ಬದಲು ಇನ್ನೊಂದು, ಏನು ವ್ಯತ್ಯಾಸ ಎಂದು.

ಅವರಿಗೆ ಅದು ನನ್ನ ಅವ್ವನ ಊರೆಂದು ನಾನು ಹೇಳಿರಲಿಲ್ಲ. ಆಗ ಹೇಳಬೇಕೆಂದು ಬಾಯಿ ತೆರೆದೆ. ತನ್ನ ಮನೆಯವರ ಆಸೆಗಾಗಿ ಜಗಳ ಕಾಯುತ್ತಿದ್ದಾಳೆ ಎಂದು ಈ ಮನುಷ್ಯ ನಕ್ಕಾನು ಎನ್ನಿಸಿ ಬಾಯಿ ಮುಚ್ಚಿಕೊಂಡೆ. ಇವನ ನಾಲಿಗೆ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿ ಹೊರಗೆ ಬಂದೆ. ಯಾರೋ ನನ್ನ ಪ್ಲೇಟಿನ ಶಿರಾ ತಿಂದು ಮುಗಿಸಿದ್ದರು.

ಮನೆಯಲ್ಲಿ ಹೇಗೆ ಹೇಳಲಿ? ಆ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ದಿನಾ ಮುಲುಂಡಿನಿಂದ ಪರೇಲಿಗೆ, ಪರೇಲಿನಿಂದ ಮುಲುಂಡಿಗೆ ಹೊತ್ತು ತಿರುಗಿದೆ. ಒಂದು ಭಾನುವಾರ ಬೆಳಿಗ್ಗೆ ಅವ್ವ ಊಟದ ಡಬ್ಬಿ ತೊಳೆಯಲೆಂದು ಬ್ಯಾಗು ತೆರೆದಳು. ನಾನು ಚಹಾ ಸೋಸುತ್ತಿದ್ದೆ. ಹೊರಗಿನ ಖೋಲಿಯಿಂದ ಕೂಗಿದಳು.

"ಯವ್ವಾ, ಇಲ್ಲೂ ಐತಲ್ಲಬೇ! ನಮ್ಮೂರ ಹೆಸರ ಇಲ್ಲೂ ಬಂದೈತಿ!"

ಓಡಿ ಬಂದು ನೋಡಿದರೆ ಆ ವಾಕ್ಯದ ಮೇಲೆಯೇ ಬೆರಳಿಟ್ಟುಕೊಂಡು ಕೂತಿದ್ದಾಳೆ. ಇಂಗ್ಲಿಷಿನಲ್ಲಿ ಅವಳು ಗುರುತು ಹಿಡಿಯಬಲ್ಲ ಪದ ಅದೊಂದೇ. ಪುಟ ತುಂಬ ಒತ್ತಿದ ಸಣ್ಣ ಅಕ್ಷರಗಳ ನಡುವೆ ಹೇಗೆ ಹುಡುಕಿದಳೋ! ಮುಖ ಅರಳಿತ್ತು.

"ಮತ್ತೊಮ್ಮೆ ಬರದಾರೇನ? ಇದೇನಂತ ಬರದಾರ, ಓದಿ ಹೇಳು."

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಸಂಜೆ ಅದನ್ನವಳು ಬೆಂಚಿಗೆ ಒಯ್ಯುವುದು ಗ್ಯಾರಂಟಿ. ಅಲ್ಲಿ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದುಕೊಂಡು ಪಕ್ಕದಲ್ಲಿ ಕೂತೆ. ಕಲ್ಲು ತಲೆಕೆಳಗಾದದ್ದು, ನಾನು ಕಂಡುಹಿಡಿದದ್ದು, ಸಾಹೇಬರು ತಮ್ಮ ಮರ್ಯಾದೆ ಉಳಿಸಿಕೊಂಡದ್ದು, ಎಲ್ಲ ಹೇಳಿದೆ. ಕೊನೆಗೆ ಆ ವಾಕ್ಯವನ್ನೂ ಕನ್ನಡದಲ್ಲಿ ಹೇಳಿದೆ.

"ನೀ ಹೇಳದಽ ಇದ್ದಿದ್ರ?" ಎಂದಳು ಅವ್ವ.

"ಹೆಸರ ಇರತಿತ್ತು. ಕಲ್ಲ ತಲಿ ಕೆಳಗಾಗಿ ಇರತಿತ್ತು."

"ಇದ್ರ ಏನಾಗತಿತ್ತು? ನೆಲದಾಗಿನ ಕಲ್ಲ ಸೀದಾನಽ ಇತ್ತಲ್ಲ. ಕಾಗದದಾಗ ಅಷ್ಟ ತಲಿ ಕೆಳಗ."

ಇಷ್ಟು ವರ್ಷ ಕಲ್ಲು ನೋಡಿದವಳು ನಾನು, ಸರಿಯಾದದ್ದು ಸರಿ ಅಲ್ಲವೇ ಅವ್ವಾ ಎಂದು ಏನೋ ತೊದಲಿದೆ. ಅವಳು ಕಾಗದದ ಮೇಲ್ಭಾಗಕ್ಕೆ ಬೆರಳು ಒಯ್ದಳು.

"ಇಲ್ಲಿ ಇರೂದು ಯಾರ ಹೆಸರ?"

"ಸಾಹೇಬರದು."

"ಅದರ ಕೆಳಗ?"

"ನಂದು."

ಅವ್ವ ನನ್ನ ಮುಖವನ್ನೊಮ್ಮೆ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಕಾಗದವನ್ನು ಸುಕ್ಕಾಗದಂತೆ ಮಡಚಿ ನನ್ನ ಕೈಗೆ ಕೊಟ್ಟಳು.

"ಮ್ಯಾಲಿನಾಕಿಗೆ ಇಂಗ್ಲಿಷ್ ಬರತೈತಿ" ಎಂದಳು. "ಆಕಿ ಕಣ್ಣಿಗೆ ಬೀಳದಂಗ ಎಲ್ಲೆರ ಇಡು."